ಕಟ್ ಹೊಡೆದ ಕೇಸು

ನಾನು ಚಿಕ್ಕೋಡಿಯಲ್ಲಿ ವಕೀಲಿ ಶುರು ಮಾಡಿದ್ದು ಎಂಬತ್ತರ ದಶಕದ ಕೊನೆಯಲ್ಲಿ. ಶೇಡಬಾಳದಿಂದ ದಿನಾ ಬಂದುಹೋಗುವುದು ಆಗದ ಮಾತೆಂದು ಅಪ್ಪ ನನ್ನನ್ನು ಚಿಕ್ಕೋಡಿಯ ಸೋದರತ್ತೆಯ ಮನೆಯಲ್ಲಿ ಬಿಟ್ಟಿದ್ದರು. ಅತ್ತೆಯದು ಹೊತ್ತು ಮುಳುಗುವ ಮೊದಲೇ ಉಂಡು ಮುಗಿಸುವ ಜೈನ ಮನೆ. ನಾನು ಕೈಕೆಳಗೆ ಸೇರಿಕೊಂಡ ಹಿರಿಯ ವಕೀಲರಿಗೋ ಹೊತ್ತು ಮುಳುಗುವಾಗಲೇ ಕೆಲಸ ನೆನಪಾಗುತ್ತಿತ್ತು. ಹೀಗಾಗಿ ವಾರದ ಎಷ್ಟೋ ದಿನ ನಾನು ಹಸಿದೇ ಮಲಗುತ್ತಿದ್ದೆ. ಆಗಿನ ನನ್ನ ಸಿಟ್ಟಿಗೆ ಹಸಿವೂ ಒಂದು ಕಾರಣವಿದ್ದೀತು. ಆದರೆ ಅದೊಂದೇ ಅಲ್ಲ.

ಹಿರಿಯರು ನನಗೆ ಕೊಡುತ್ತಿದ್ದ ಕೆಲಸ ಬಹುಮಟ್ಟಿಗೆ ಎದ್ದು ನಿಂತು ಮುಂದಿನ ತಾರೀಖು ಕೇಳುವುದು. ಅವರೇನೂ ಕೆಟ್ಟವರಲ್ಲ. ಹೆಣ್ಣುಮಗಳು ಕೋರ್ಟಿನಲ್ಲಿ ನಿಂತು ಮಾತಾಡಿದರೆ ಪಕ್ಷಗಾರರು ನಂಬುವುದಿಲ್ಲ ಎಂಬುದು ಅವರ ಎಣಿಕೆ, ಮತ್ತು ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಅಂಥ ಹೊತ್ತಿನಲ್ಲಿ ಒಂದು ಮಧ್ಯಾಹ್ನ ಹಿರಿಯರು ಊಟಕ್ಕೆ ಹೋದಾಗ ಒಬ್ಬ ಹುಡುಗ ಮತ್ತು ಅವನ ತಾಯಿ ಆಫೀಸಿಗೆ ಬಂದರು. ಹುಡುಗ ಎಂದೆ, ಇಪ್ಪತ್ತೈದರ ಆಚೆ ಈಚೆ ಇದ್ದಾನು. ಕೃಷ್ಣಾ ದಂಡೆಯ ಕಡೆಯ ಹಳ್ಳಿಯವನು, ಬೇರೆಯವರ ಟ್ರ್ಯಾಕ್ಟರಿನಲ್ಲಿ ಕಾರ್ಖಾನೆಗೆ ಕಬ್ಬು ಸಾಗಿಸುವ ಡ್ರೈವರ್. ತಾಯಿ ಒಳಗೆ ಬರಲೊಲ್ಲದೆ ಹೊಸ್ತಿಲಲ್ಲೇ ಕೂತಳು. ಹುಡುಗ ನಿಂತುಕೊಂಡೇ ಕೋರ್ಟಿನ ಕಾಗದ ನನ್ನ ಮುಂದೆ ಇಟ್ಟ. ಕೊಯ್ತಾದಿಂದ ಹೊಡೆದು ಗಾಯ ಮಾಡಿದ ಆರೋಪ. ಕೊಯ್ತಾ ಎಂದರೆ ನಮ್ಮ ಕಡೆ ಕಬ್ಬು ಕಡಿಯುವ ಕುಡುಗೋಲು. ಒಂದೇ ಏಟಿಗೆ ಹೆಬ್ಬೆರಳು ಗಾತ್ರದ ಕಬ್ಬು ತುಂಡಾಗುತ್ತದೆ.

ಓದಿ ತಲೆ ಎತ್ತಿದೆ. ಅವನು ಹೇಳಿದ:

"ನಾ ಯಾರಿಗೂ ಕಡದಿಲ್ರಿ ಅಕ್ಕಾರ. ಕಟ್ ಹೊಡದಿದ್ದು ಖರೇ."

ನನಗೆ ಆ ಕ್ಷಣವೇ ಅರ್ಥವಾಯಿತು. ನಮ್ಮ ಸೀಮೆಯ ಯಾರಿಗಾದರೂ ಅರ್ಥವಾಗುತ್ತಿತ್ತು. ಮುಂದೆ ಹೋಗುತ್ತಿರುವ ಗಾಡಿಯನ್ನು ದಾಟಿ, ಅದರ ಮೂಗಿನ ಮುಂದೆಯೇ ಗಕ್ಕನೆ ಒಳಗೆ ತಿರುಗುವುದಕ್ಕೆ ಕಟ್ ಹೊಡೆಯುವುದು ಅನ್ನುತ್ತಾರೆ. ನಿಪ್ಪಾಣಿ ಕಡೆ ಹೋದರೆ ಮರಾಠಿಯಲ್ಲಿ ಇದನ್ನೇ "ಕಟ್ ಮಾರಲಾ" ಎನ್ನುತ್ತಾರೆ. ಇಷ್ಟು ಸಣ್ಣ ಮಾತನ್ನು ಒಬ್ಬ ನ್ಯಾಯಾಧೀಶರಿಗೆ ತಿಳಿಸಿ ಹೇಳಲು ಎಷ್ಟು ಹೊತ್ತು ಬೇಕು ಎಂದುಕೊಂಡು, ಹಿರಿಯರು ಬಂದ ಮೇಲೆ ಈ ಕೇಸನ್ನು ನಾನೇ ನಡೆಸುತ್ತೇನೆ ಎಂದೆ. ಅವರು ಕಾಗದದ ಮೇಲೆ ಕಣ್ಣಾಡಿಸಿ, ಆಯ್ತು ನಡೆಸು ಎಂದರು.

ನಡೆದದ್ದು ಇಷ್ಟು. ಕಬ್ಬಿನ ಹಂಗಾಮು. ಹುಡುಗ ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡು ಕಾರ್ಖಾನೆಗೆ ಹೊರಟಿದ್ದ. ಮುಂದೆ ಅದೇ ಊರಿನ ಒಬ್ಬ ಹಾಲು ಮಾರುವ ಮುದುಕ ಲೂನಾ ಗಾಡಿಯ ಎರಡೂ ಬದಿಗೆ ಹಾಲಿನ ಕ್ಯಾನು ತೂಗುಹಾಕಿಕೊಂಡು ರಸ್ತೆಯ ನಡುವೆಯೇ ಸಾವಕಾಶ ಹೋಗುತ್ತಿದ್ದ. ಹುಡುಗ ಹಾರ್ನ್ ಹೊಡೆದು ಅವನನ್ನು ದಾಟಿದ. ಎದುರಿನಿಂದ ಬಸ್ಸು ಬಂತು. ಇವನು ಎಡಕ್ಕೆ ಎಳೆದ. ಮುದುಕ ಗಾಬರಿಯಾಗಿ ಲೂನಾ ಸಮೇತ ಚರಂಡಿಗೆ ಇಳಿದ. ಕ್ಯಾನಿನ ಅಂಚು ಬಡಿದು ಅವನ ಮೊಣಕಾಲ ಕೆಳಗೆ ಸೀಳಿತು, ಹಾಲೆಲ್ಲ ಮಣ್ಣುಪಾಲಾಯಿತು. ಹುಡುಗ ತಿರುಗಿ ನೋಡಿದ, ಮುದುಕ ಎದ್ದು ಕೂತದ್ದು ಕಂಡಿತು, ಮುಂದೆ ಹೋದ.

ಮುದುಕನ ಅಣ್ಣನ ಮಗ ನಿಪ್ಪಾಣಿಯಲ್ಲಿ ಕಾಲೇಜು ಕಲಿಯುತ್ತಿದ್ದ. ಕಾಕಾನ ಫಿರ್ಯಾದು ಇಂಗ್ಲಿಷಿನಲ್ಲಿದ್ದರೆ ತೂಕ ಹೆಚ್ಚು ಎಂದುಕೊಂಡು ತಾನೇ ಬರೆದುಕೊಟ್ಟ. ಅದರಲ್ಲಿದ್ದ ವಾಕ್ಯ ನನಗೆ ಇವತ್ತಿಗೂ ಬಾಯಿಪಾಠ: "ದ ಟ್ರ್ಯಾಕ್ಟರ್ ಡ್ರೈವರ್ ಕಟ್ ಮೈ ಅಂಕಲ್ ಅಂಡ್ ರ‍್ಯಾನ್ ಅವೇ." ಗಾಯ ನೋಡಿದ ಡಾಕ್ಟರು ಎಡಗಾಲಿಗೆ ಕಟ್ ಆಗಿದೆ ಎಂದು ಬರೆದಿದ್ದರು. ಅವರು ಕಂಡದ್ದನ್ನು ಬರೆದರು, ತಪ್ಪಿಲ್ಲ. ಟ್ರ್ಯಾಕ್ಟರಿನ ಸೀಟಿನ ಕೆಳಗೆ ಕಬ್ಬು ಕಡಿಯುವ ಗ್ಯಾಂಗಿನವರು ಇಟ್ಟಿದ್ದ ಕೊಯ್ತಾ ಪೊಲೀಸರಿಗೆ ಸಿಕ್ಕಿತು. ಮೂರೂ ಒಂದಕ್ಕೊಂದು ಹೇಳಿ ಮಾಡಿಸಿದಂತೆ ಕೂಡಿಕೊಂಡವು. ಒಬ್ಬ ಕಡಿದು ಓಡಿದ, ಒಬ್ಬನಿಗೆ ಕಡಿದ ಗಾಯವಾಯಿತು, ಕಡಿದ ಆಯುಧ ಸಿಕ್ಕಿತು. ಅದನ್ನು ಓದಿ ಕೇಸು ಹಾಕಿದ ಪೊಲೀಸರ ಜಾಗದಲ್ಲಿದ್ದಿದ್ದರೆ ನಾನೂ ನಂಬುತ್ತಿದ್ದೆ.

ಹಿರಿಯರು ಮೊದಲ ದಿನವೇ ದಾರಿ ಹೇಳಿದ್ದರು. ಮುದುಕನನ್ನು ಕರೆಸಿ ರಾಜಿ ಮಾಡಿಸಿ ಕೇಸು ಕಟ್ ಮಾಡಿಸು ಎಂದರು. ಅವರ ಬಾಯಲ್ಲೂ ಅದೇ ಶಬ್ದ. ಆದರೆ ಹೊಸ್ತಿಲಲ್ಲಿ ಕೂತಿದ್ದ ತಾಯಿ ಒಪ್ಪಲಿಲ್ಲ. ಅವಳಿಗೆ ಬೇರೆಯೇ ಸಂಕಟವಿತ್ತು. ರಾಯಬಾಗ ಕಡೆಯ ಒಂದು ಮನೆಯಿಂದ ಮಗನಿಗೆ ಹೆಣ್ಣು ಗೊತ್ತಾಗಿತ್ತು. ಹೆಣ್ಣಿನ ಸೋದರಮಾವ ಮಾತು ಮುಗಿಸಲು ಬಂದವನು ಊರ ಕಟ್ಟೆಯ ಮೇಲೆ ಕೊಯ್ತಾ ಕೇಸಿನ ಸುದ್ದಿ ಕೇಳಿ, ಮನೆಗೆ ಬಂದು ಚಹಾ ಸಹ ಮುಟ್ಟದೆ ಎದ್ದುಹೋದ. ಆಮೇಲೆ ಹೇಳಿ ಕಳಿಸಿದರು, ಮನುಷ್ಯರನ್ನು ಕಡಿಯುವವರ ಮನೆಗೆ ಹೆಣ್ಣು ಕೊಡುವುದಿಲ್ಲ ಎಂದು. ತಾಯಿ ನನಗೆ ಹೇಳಿದಳು:

"ಸಂಬಂಧ ಕಟ್ ಆತು ತಂಗಿ. ನನ್ನ ಮಗ ಕಡದಿಲ್ಲ ಅಂತ ಕೋರ್ಟಿನ್ಯಾಗಿಂದ ಬರಸಕೊಂಡು ಕೊಡು. ರಾಜಿ ಬ್ಯಾಡ. ರಾಜಿ ಅಂದ್ರ ಕಡದು ಕಾಲು ಹಿಡದ್ರು ಅಂತಾರ ಮಂದಿ."

ಅವಳ ಮಾತು ನನಗೆ ಸರಿ ಎನಿಸಿತು. ನಾನೂ ಅದನ್ನೇ ಬಯಸಿದ್ದೆ.

ಆಮೇಲೆ ಶುರುವಾಯಿತು ನೋಡಿ ತಾರೀಖುಗಳ ಕಾಟ. ಒಮ್ಮೆ ಸಾಕ್ಷಿಗಳಿಗೆ ಸಮನ್ಸ್ ಮುಟ್ಟಲಿಲ್ಲ. ಒಮ್ಮೆ ಸರ್ಕಾರಿ ವಕೀಲರಿಗೆ ಜ್ವರ. ಒಮ್ಮೆ ಎಲ್ಲರೂ ಬಂದರು, ಹಿಂದಿನ ಕೇಸು ಸಂಜೆಯವರೆಗೆ ಎಳೆಯಿತು. ಪ್ರತಿ ಸಲ ತಾಯಿ ಮಗ ಬೆಳಿಗ್ಗೆ ಬಂದು ಕೋರ್ಟಿನ ಅಂಗಳದ ಬೇವಿನ ಗಿಡದ ಕೆಳಗೆ ರೊಟ್ಟಿ ಬಿಚ್ಚಿ ಕೂರುವರು, ಸಂಜೆ ನಾನು ಹೋಗಿ ಮುಂದಿನ ತಾರೀಖು ಹೇಳುವೆ. ತಾಯಿ ನನ್ನ ಮುಖವನ್ನಷ್ಟೇ ನೋಡುವಳು. ಬೈದಿದ್ದರೆ ವಾಸಿಯಿತ್ತು. ಈ ನಡುವೆ ಟ್ರ್ಯಾಕ್ಟರಿನ ಮಾಲೀಕ, ಕೇಸು ಮುಗಿಯಲಿ ಆಮೇಲೆ ನೋಡೋಣ ಎಂದು ಹುಡುಗನನ್ನು ಬಿಡಿಸಿ ಬೇರೊಬ್ಬ ಡ್ರೈವರನ್ನು ಇಟ್ಟುಕೊಂಡ. ಹುಡುಗ ಮಂದಿಯ ಹೊಲದಲ್ಲಿ ನೀರು ಹಾಯಿಸಲು ಹೋಗತೊಡಗಿದ.

ಕೊನೆಗೆ ಸಾಕ್ಷಿ ಶುರುವಾದ ದಿನ ಹಾಲಿನ ಮುದುಕ ಬಂದಿರಲಿಲ್ಲ. ಅವನ ಎಮ್ಮೆ ಈದಿತ್ತಂತೆ. ಬಂದಿದ್ದವನು ರಸ್ತೆ ಪಕ್ಕದ ಚಹಾ ಅಂಗಡಿಯವನು. ಎಲ್ಲವನ್ನೂ ಕಣ್ಣಾರೆ ಕಂಡವನು ಅವನೊಬ್ಬನೇ. ನ್ಯಾಯಾಧೀಶರು ಮೈಸೂರು ಕಡೆಯವರು, ಹೊಸದಾಗಿ ವರ್ಗವಾಗಿ ಬಂದಿದ್ದರು. ಸಮಾಧಾನದ ಮನುಷ್ಯ. ಸಾಕ್ಷಿ ಕನ್ನಡದಲ್ಲಿ ಹೇಳಿದ್ದನ್ನು ಒಂದು ಕ್ಷಣ ಯೋಚಿಸಿ ಇಂಗ್ಲಿಷಿನಲ್ಲಿ ಟೈಪಿಸ್ಟರಿಗೆ ಹೇಳಿ ಬರೆಸುವರು.

ಚಹಾದವನಿಗೆ ಸರ್ಕಾರಿ ವಕೀಲರು ಏನು ಕಂಡೆ ಎಂದು ಕೇಳಿದರು. ಅವನು ಕಟಕಟೆ ಹಿಡಿದುಕೊಂಡು ನಿಂತು ಒಂದೇ ಉಸಿರಿಗೆ ಹೇಳಿದ:

"ಕರೆಂಟ್ ಕಟ್ ಆಗಿತ್ರಿ, ಅದಕ್ಕ ಹೊರಗ ಬಂದು ನಿಂತಿದ್ದೆ. ಕೈಯಾಗ ಒಂದು ಕಟ್ ಚಹಾ ಇತ್ತು. ಟ್ರ್ಯಾಕ್ಟರ್ ಬಂತು, ಕಟ್ ಹೊಡೀತು, ಮುದುಕ ಬಿದ್ದ. ಅವರದೂ ಇವರದೂ ಮೊದಲಿಂದ ಮಾತು ಕಟ್ ರಿ."

ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡರು. ಕರೆಂಟಿನ ಮಾತು ಅವರಿಗೆ ತಿಳಿಯಿತು. ಕಟ್ ಚಹಾ ಎಂದರೇನು ಎಂದು ಕೇಳಿದರು. ಅರ್ಧ ಕಪ್ಪು ಎಂದು ಬಾಗಿಲಲ್ಲಿ ಹೆಸರು ಕೂಗುವ ಪಟ್ಟೇವಾಲಾನೇ ಹೇಳಿಬಿಟ್ಟ. ಅದನ್ನೂ ಬರೆಸಿದರು. ಕಟ್ ಹೊಡೀತು ಎಂಬಲ್ಲಿ ಟೈಪಿನ ಸದ್ದು ನಿಂತಿತು. ನಾನು ಎದ್ದು ನಿಂತು, ಅದು ಗಾಡಿ ಅಡ್ಡ ಎಳೆಯುವುದಕ್ಕೆ ನಮ್ಮ ಕಡೆ ಅನ್ನುವ ಮಾತು ಎಂದೆ. ಅವರು ನನ್ನನ್ನು ನೋಡಿ ಕೇಳಿದರು:

"ಹೊಡೆಯುವುದು ಅಂದರೆ ಹೊಡೆಯುವುದೇ ಅಲ್ಲವೇನಮ್ಮ?"

ನಮ್ಮ ಕಡೆ ಟ್ರ್ಯಾಕ್ಟರನ್ನೂ ಹೊಡೆಯುತ್ತಾರೆ, ಸೈಕಲ್ಲನ್ನೂ ಹೊಡೆಯುತ್ತಾರೆ, ಹಾಗೆಂದರೆ ನಡೆಸುವುದು ಎಂದೆ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನ್ಯಾಯಾಧೀಶರೂ ಸ್ವಲ್ಪ ನಕ್ಕು, ನಿಮ್ಮ ಕಡೆ ಒಂದೇ ಪದದಲ್ಲಿ ಸಂಸಾರ ನಡೆಸುತ್ತೀರಿ ಅನ್ನಿ ಎಂದರು. ವಾದದ ಹೊತ್ತಿಗೆ ಏನಾದರೂ ಆಧಾರ ತನ್ನಿ, ಅಲ್ಲಿಯವರೆಗೆ ಸಾಕ್ಷಿಯ ಮಾತು ಸಾಕ್ಷಿಯ ಮಾತಿನಲ್ಲೇ ಇರಲಿ ಎಂದು 'ಕಟ್ ಹೊಡೀತು' ಎಂಬುದನ್ನು ಹಾಗೇ ಬರೆಸಿದರು. ಅವರ ಜಾಗದಲ್ಲಿ ಯಾರಿದ್ದರೂ ಅದಕ್ಕಿಂತ ಹೆಚ್ಚಿಗೆ ಮಾಡಲು ಬರುತ್ತಿರಲಿಲ್ಲ.

ನನ್ನನ್ನು ಸುಟ್ಟಿದ್ದು ಕೊನೆಯ ಮಾತು. ಮಾತು ಕಟ್ ಎಂದರೆ ಮಾತು ಬಿಟ್ಟಿದ್ದರು ಎಂದು. ಮೊದಲಿಂದಲೂ ವೈರವಿತ್ತು, ಅದಕ್ಕೇ ಕಡಿದ ಎಂದು ಸರ್ಕಾರಿ ವಕೀಲರು ಆ ಎಳೆಯನ್ನು ಹಿಡಿದುಕೊಂಡರು. ಪಾಟೀಸವಾಲಿನಲ್ಲಿ ನಾನು ಕೇಳಿದಾಗ ಚಹಾದವನು ನಿಧಾನಕ್ಕೆ ಬಿಡಿಸಿ ಹೇಳಿದ. ಮಾತು ಬಿಟ್ಟದ್ದು ಮುದುಕನೂ ಟ್ರ್ಯಾಕ್ಟರಿನ ಮಾಲೀಕನೂ. ಮುದುಕನ ಎಮ್ಮೆ ಮಾಲೀಕನ ಕಬ್ಬು ಮೇಯ್ದಿತ್ತು. ಡ್ರೈವರಿಗೂ ಇದಕ್ಕೂ ಸಂಬಂಧವಿಲ್ಲ. ಇಷ್ಟು ಹೊರಗೆ ಬರುವ ಹೊತ್ತಿಗೆ ಕೋರ್ಟಿನಲ್ಲಿ ಅರ್ಧ ಮಂದಿ ಎದ್ದು ಹೋಗಿದ್ದರು. ಮೊದಲು ಹೇಳಿದ್ದೇ ಎಲ್ಲರ ಕಿವಿಯಲ್ಲಿ ಉಳಿಯಿತು.

ಹೊರಗೆ ಬಂದಾಗ ಚಹಾದವನು, ಬಾಯಾರ, ನಾ ಏನರ ತಪ್ಪು ಹೇಳಿದ್ನೇನ್ರಿ ಎಂದು ಕೇಳಿದ. ಅವನು ಒಂದೂ ಸುಳ್ಳು ಹೇಳಿರಲಿಲ್ಲ. ಅವನ ಮೇಲೆ ಸಿಟ್ಟು ಮಾಡಲು ಜಾಗವಿರಲಿಲ್ಲ. ಸಿಟ್ಟು ಮಾತ್ರ ತುಂಬ ಇತ್ತು.

ಆಧಾರ ಹುಡುಕುವುದಕ್ಕೆ ಹೊರಟೆ. ಕೋರ್ಟಿನ ಕನ್ನಡ ಶಬ್ದಕೋಶದಲ್ಲಿ ಕಟ್ಟು ಎಂಬ ಮಾತಿಗೆ ಪುಟಗಟ್ಟಲೆ ಅರ್ಥವಿತ್ತು. ಹಗ್ಗ ಕಟ್ಟು, ಮನೆ ಕಟ್ಟು, ಬುತ್ತಿ ಕಟ್ಟು. ನನಗೆ ಬೇಕಾದ ಕಟ್ ಅಲ್ಲಿರಲಿಲ್ಲ. ಒಂದು ಶನಿವಾರ ನಿಪ್ಪಾಣಿಯ ಬಸ್ಸು ಹತ್ತಿದೆ. ಅಲ್ಲಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ವಯಸ್ಸಾದ ಮಾಸ್ತರರೊಬ್ಬರು ಅಪ್ಪನಿಗೆ ಪರಿಚಯ. ಅವರು ಲೈಬ್ರರಿಯಿಂದ ಒಂದು ದೊಡ್ಡ ಇಂಗ್ಲಿಷ್ ನಿಘಂಟನ್ನು ತರಿಸಿ ಟೇಬಲ್ಲಿನ ಮೇಲೆ ಹರವಿದರು. ಆ ಒಂದು ಕ್ರಿಯಾಪದಕ್ಕೆ ಸಣ್ಣಕ್ಷರದಲ್ಲಿ ಎಷ್ಟೋ ಕಾಲಂ ಅರ್ಥಗಳಿದ್ದವು. ತರಗತಿ ತಪ್ಪಿಸುವುದೂ ಕಟ್, ಇಸ್ಪೀಟಿನ ಎಲೆ ಎತ್ತುವುದೂ ಕಟ್, ಸರಾಯಿಗೆ ನೀರು ಬೆರೆಸುವುದೂ ಕಟ್. ಗಾಡಿಯನ್ನು ಅಡ್ಡ ತರುವುದೂ ಇತ್ತು. ಆದರೆ ಅದಕ್ಕೆ ಮುಂದೆ 'ಇನ್' ಎಂಬ ಒಂದು ಪುಟ್ಟ ಶಬ್ದ ಸೇರಬೇಕು. ಕಟ್ ಇನ್. ಫಿರ್ಯಾದು ಬರೆದವನು ಅದೊಂದನ್ನು ಮರೆತ ಎಂದರು ಮಾಸ್ತರರು. ನಾನು ಆ ಸಾಲನ್ನು ಮತ್ತೊಮ್ಮೆ ಓದಿದೆ. ಎರಡಕ್ಷರದ ಮಾತು. ಅದಿದ್ದಿದ್ದರೆ ಕೇಸು ಇರುತ್ತಿರಲಿಲ್ಲ, ಹುಡುಗನ ಮದುವೆ ಎಂದೋ ಮುಗಿದಿರುತ್ತಿತ್ತು.

ಮಾಸ್ತರರು ಮತ್ತೊಂದು ಸಾಲಿನ ಮೇಲೆ ಬೆರಳಿಟ್ಟರು. ಒಬ್ಬನನ್ನು ಕಂಡೂ ಕಾಣದವನಂತೆ, ಮಾತಾಡಿಸದೆ ಹೋದರೆ ಇಂಗ್ಲಿಷರು ಅದಕ್ಕೂ 'ಹೀ ಕಟ್ ಮೀ' ಅನ್ನುತ್ತಾರಂತೆ. ಇದು ನಿನಗೆ ಉಪಯೋಗವಿಲ್ಲ ಬಿಡು ಎಂದರು. ಈ ಅರ್ಥವನ್ನು ಕೋರ್ಟಿಗೆ ಒಯ್ದರೆ ನಗೆಪಾಟಲು ಎಂದು ನಾನೂ ಬಿಟ್ಟೆ. ನಮ್ಮ ಕಟ್ ಹೊಡೆಯುವುದರ ಬಗ್ಗೆ ಕೇಳಿದಾಗ ಮಾಸ್ತರರು ತಲೆಯಾಡಿಸಿದರು:

"ಅದು ಈಗ ಅವರ ಶಬ್ದ ಅಲ್ಲವ್ವಾ, ಹಂಗಂತ ನಮ್ಮ ಪುಸ್ತಕದಾಗೂ ಇನ್ನೂ ಬಂದಿಲ್ಲ. ರಸ್ತಾದ ಮ್ಯಾಲ ಐತಿ, ಅಷ್ಟ."

ರಸ್ತೆಯ ಮೇಲಿನದನ್ನು ಕೋರ್ಟಿಗೆ ಹೇಗೆ ಹಾಜರುಪಡಿಸಲಿ? ಬರುವಾಗ ಬಸ್ಸಿನ ಡ್ರೈವರು ಎರಡು ಸಲ ಅದನ್ನೇ ಮಾಡಿದ, ಕಂಡಕ್ಟರು ಅದೇ ಶಬ್ದ ಹಿಡಿದು ಅವನನ್ನು ಬೈದ. ನನಗೆ ಅಳು ಬರುವಂತಾಯಿತು.

ಹಾಲಿನ ಮುದುಕ ಸಾಕ್ಷಿಗೆ ಬಂದದ್ದು ಮುಂದಿನ ಹಂಗಾಮು ಶುರುವಾದ ಮೇಲೆ. ಬಿಳಿ ಧೋತರ, ಗಾಂಧಿ ಟೋಪಿ, ಕುಂಟುತ್ತಿರಲಿಲ್ಲ. ಏನಾಯಿತು ಎಂದು ಕೇಳಿದ್ದಕ್ಕೆ ಅವನೂ ಕಟ್ ಹೊಡೆದ ಎಂದೇ ಹೇಳಿದ. ನನ್ನ ಸರದಿ ಬಂತು. ಟೇಬಲ್ಲಿನ ಮೇಲಿದ್ದ ಕೊಯ್ತಾ ತೋರಿಸಿ, ಇದನ್ನು ಅವನ ಕೈಯಲ್ಲಿ ಕಂಡೆಯಾ ಎಂದು ಕೇಳಿದೆ. ಮುದುಕ ನನ್ನನ್ನು ಬುದ್ಧಿಯಿಲ್ಲದವಳಂತೆ ನೋಡಿದ.

"ಅವನ ಎರಡೂ ಕೈ ಸ್ಟೇರಿಂಗಿನ ಮ್ಯಾಲ ಇದ್ದೂವಲ್ರಿ ಬಾಯಾರ. ಕೊಯ್ತಾ ಹೆಂಗ ಹಿಡಿತಾನ?"

ಟೈಪು ಓಡಿತು. ನ್ಯಾಯಾಧೀಶರು ತಲೆ ಎತ್ತಿ ಮೊದಲು ಮುದುಕನನ್ನೂ ಆಮೇಲೆ ನನ್ನನ್ನೂ ನೋಡಿದರು. ಇನ್ನು ಕೇಳುವುದು ಏನೂ ಇರಲಿಲ್ಲ, ಕೂತುಕೊಳ್ಳಬೇಕು. ಆದರೆ ಮುದುಕ ಇಳಿಯಲಿಲ್ಲ. ಯಾರೂ ಕೇಳದೆಯೇ ಹೇಳತೊಡಗಿದ. ಕಾಲು ಮಾಯಿತು, ಹಾಲಿನದೂ ಹೋಗಲಿ ಎಂದ. ತಾನು ಆ ಹುಡುಗನನ್ನು ಅವನು ಸಣ್ಣವನಿದ್ದಾಗಿನಿಂದ ಕಂಡವನು, ಅವನ ತಾಯಿಗೆ ಹಾಲು ಹಾಕಿದವನು ಎಂದ.

"ತಿರುಗಿ ನೋಡಿದ್ರಿ ಅಂವ. ನಾ ಗಟಾರದಾಗ ಬಿದ್ದದ್ದು ಕಂಡ. ಕಂಡೂ ಹೋದ. ಆಮ್ಯಾಲೂ ಮನಿ ಕಡೆ ಬರಲಿಲ್ಲ. ಅದು ನನ್ನ ಮನಸ್ಸಿಗೆ ಹತ್ತೇತಿ."

ಅದನ್ನು ನ್ಯಾಯಾಧೀಶರು ಬರೆಸಲಿಲ್ಲ, ಕೇಸಿಗೆ ಸಂಬಂಧಿಸಿದ್ದಲ್ಲ ಎಂದು. ನನಗೆ ಮಾತ್ರ ನಿಪ್ಪಾಣಿಯ ಮಾಸ್ತರರು ಬೆರಳಿಟ್ಟ ಸಾಲು, 'ಹೀ ಕಟ್ ಮೀ', ಕಣ್ಣ ಮುಂದೆ ಬಂತು. ಇಂಗ್ಲಿಷ್ ಸರಿಯಾಗಿ ಬಾರದ ಆ ಅಣ್ಣನ ಮಗ, ಬೇಕೆಂದು ಬರೆಯದೆಯೇ, ಕಾಕಾನ ಮನಸ್ಸಿನಲ್ಲಿ ಇದ್ದದ್ದನ್ನೇ ಬರೆದುಬಿಟ್ಟಿದ್ದ. ಇದನ್ನು ಯಾರಿಗೆ ಹೇಳುವುದು?

ನಾನು ಕಾಗದ ಜೋಡಿಸಿಕೊಂಡು ಹೊರಗೆ ಬರುವಷ್ಟರಲ್ಲಿ ಹುಡುಗ ವರಾಂಡದಲ್ಲಿ ಮುದುಕನ ಎದುರು ನಿಂತಿದ್ದ. ತಲೆ ತಗ್ಗಿಸಿದ್ದ.

"ಕಾಕಾ, ಟ್ರೇಲರ್ ತುಂಬಿತ್ತು. ಇಳಿಜಾರಿನ್ಯಾಗ ನಿಲ್ಲಸಾಕ ಆಗಲಿಲ್ಲ."

"ಸಂಜೀಕರ ಬರಬೇಕಿತ್ತಿಲ್ಲೋ."

"ಬರಬೇಕಿತ್ತು. ಅಂಜಿದೆ."

ಮುದುಕ ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೊರಟ. ಸ್ವಲ್ಪ ದೂರ ಬಿಟ್ಟು ಹುಡುಗನೂ ಹೊರಟ. ನಾನು ಅದನ್ನು ನೋಡಿ ಸಂತೋಷಪಟ್ಟೆ ಎಂದು ಬರೆಯಬೇಕು ಅನಿಸುತ್ತದೆ. ಆದರೆ ಆಗ ನನ್ನ ತಲೆಯಲ್ಲಿ ಇದ್ದದ್ದು ಡಾಕ್ಟರ ಪಾಟೀಸವಾಲು ಒಂದೇ. ಕ್ಯಾನಿನ ಅಂಚಿನಿಂದಲೂ ಇಂಥ ಗಾಯ ಆಗಬಹುದು ಎಂದು ಅವರ ಬಾಯಿಂದ ಹೊರಡಿಸಿದರೆ ಮುಗಿಯಿತು, ನಿರ್ದೋಷಿ ಎಂದೇ ತೀರ್ಪು.

ಮುಂದಿನ ತಾರೀಖಿಗೆ ಮುದುಕನೂ ಹುಡುಗನೂ ಒಂದೇ ಬಸ್ಸಿನಿಂದ ಇಳಿದರು. ರಾಜಿ ಮಾಡಿಕೊಂಡಿದ್ದೇವೆ, ಅರ್ಜಿ ಬರೆದುಕೊಡಿ ಎಂದರು. ನಾನು ಹುಡುಗನನ್ನು ಪಕ್ಕಕ್ಕೆ ಕರೆದೆ. ಇನ್ನು ಒಬ್ಬ ಸಾಕ್ಷಿ, ಗೆದ್ದಂತೆಯೇ ಇದೆ, ಸ್ವಲ್ಪ ತಡೆದುಕೋ ಎಂದೆ. ನಿನ್ನ ತಾಯಿಗೆ ಏನು ಹೇಳುತ್ತೀ ಎಂದೂ ಕೇಳಿದೆ. ಅವನು ಬೇವಿನ ಗಿಡದ ಕಡೆ ನೋಡಿದ. ತಾಯಿ ಆ ದಿನ ಬಂದಿರಲಿಲ್ಲ.

"ಸಾಕಾತ್ರಿ ಅಕ್ಕಾರ," ಎಂದ. "ಹಂಗಾಮ ನಡದೈತಿ. ಮಾಲಕ ಕರ್ಯಾಕತ್ತಾನ."

ಹಿರಿಯರು ರಾಜಿ ಅರ್ಜಿಯನ್ನು ತಾವೇ ಬರೆದರು. ರಾಜಿಯಾದರೂ ಕಾನೂನಿನ ಪ್ರಕಾರ ಖುಲಾಸೆಯಾದಂತೆಯೇ, ಯಾಕೆ ಮುಖ ಊದಿಸಿಕೊಂಡಿದ್ದೀ ಎಂದು ನನ್ನನ್ನು ಕೇಳಿದರು. ಕಾನೂನು ನನಗೆ ಗೊತ್ತಿತ್ತು. ನ್ಯಾಯಾಧೀಶರು ಒಪ್ಪಿಗೆ ಕೊಟ್ಟರು. ಫೈಲು ಮುಚ್ಚುವಾಗ, ನಿಮ್ಮ ಆಧಾರ ಸಿಕ್ಕಿತೇನಮ್ಮ ಎಂದು ಕೇಳಿದರು. ಇಲ್ಲ ಎಂದೆ. ನಾನು ತಯಾರಿ ಮಾಡಿಕೊಂಡಿದ್ದ ವಾದ ಫೈಲಿನಲ್ಲೇ ಉಳಿಯಿತು. ಆ ದಿನ ಹೊತ್ತು ಮುಳುಗುವ ಮೊದಲೇ ಮನೆ ಸೇರಿದೆ. ಅತ್ತೆ ಬಿಸಿ ರೊಟ್ಟಿ ಬಡಿಸಿದರು. ಒಂದನ್ನೂ ತಿನ್ನದೆ ಎದ್ದೆ.

ತಾಯಿ ಹೇಳಿದ್ದೇ ನಿಜವಾಯಿತು. ಕಡಿದು ಕಾಲು ಹಿಡಿದ ಎಂದೇ ಊರಲ್ಲಿ ಮಾತಾಯಿತು. ಎರಡು ಮೂರು ವರ್ಷದ ಮೇಲೆ, ನಾನು ಸ್ವಂತ ಆಫೀಸು ಮಾಡಿದ ಹೊಸದರಲ್ಲಿ, ರಾಯಬಾಗದ ಬಸ್ಸಿನಲ್ಲಿ ಪಕ್ಕದ ಹೆಂಗಸೊಬ್ಬಳು ಮಾತಿಗೆ ಮಾತು ಬಂದು ಕೃಷ್ಣಾ ದಂಡೆಯ ಕೊಯ್ತಾ ಕೇಸಿನ ಕತೆ ಹೇಳಿದಳು. ಡ್ರೈವರೊಬ್ಬ ಹಾಲಿನವನ ಕಾಲು ಕಡಿದನಂತೆ. ನಾನೇ ಆ ಕೇಸಿನ ವಕೀಲೆ, ಅವನು ಕಡಿದಿಲ್ಲ, ಗಾಡಿ ಅಡ್ಡ ಎಳೆದದ್ದಷ್ಟೇ ಎಂದು ಮೊದಲಿನಿಂದ ಕೊನೆಯವರೆಗೆ ಬಿಡಿಸಿ ಹೇಳಿದೆ. ಅವಳು ಪೂರ್ತಿ ಕೇಳಿದಳು.

"ಇರಬೌದ್ರಿ," ಎಂದಳು. "ಆದ್ರ ಸುಮ್ಮಸುಮ್ಮನ ಯಾರರ ಕೋರ್ಟಿಗೆ ಎಳಿತಾರೇನ್ರಿ?"

ಹುಡುಗನ ಮದುವೆ ಕೊನೆಗೆ ಆಯಿತು, ಗಡಿಯಾಚೆಯ ಶಿರೋಳ ಕಡೆಯ ಹೆಣ್ಣಿನ ಜೊತೆ. ಈ ಸುದ್ದಿ ಅಲ್ಲಿಯವರೆಗೆ ಮುಟ್ಟಿರಲಿಲ್ಲವಂತೆ. ಹೀಗೆಂದು ಹೇಳಿದ್ದು ಅವನ ತಾಯಿಯೇ, ಚಿಕ್ಕೋಡಿಯ ಸಂತೆಯಲ್ಲಿ ಸಿಕ್ಕಾಗ. ಸೊಸೆ ಒಳ್ಳೆಯವಳು, ಆದರೆ ಬರೀ ಮರಾಠಿ ಆಡುತ್ತಾಳೆ, ತನಗೆ ಅರ್ಧ ತಿಳಿಯುವುದಿಲ್ಲ ಎಂದಳು. ನನ್ನ ಮೇಲೆ ಅವಳಿಗೆ ಸಿಟ್ಟಿದೆಯೋ ಇಲ್ಲವೋ ಗೊತ್ತಾಗಲಿಲ್ಲ. ಕೇಳೋಣವೆಂದುಕೊಂಡೆ. ಅಷ್ಟರಲ್ಲಿ ಅವಳು ಮೆಣಸಿನಕಾಯಿಯವನ ಹತ್ತಿರ ಬಗ್ಗಿ ಧಾರಣೆ ಕೇಳತೊಡಗಿದ್ದಳು.